ಬೆನ್ನಿಗೆ ಕಪ್ಪು-ಬೂದು ಛಾಯೆಯ ಹೂಬಳ್ಳಿ ಹಚ್ಚೆ: ವಿನ್ಯಾಸ ಹೇಗಿರಬೇಕು?

ಬೆನ್ನು ತುಂಬುವ ಅಲಂಕಾರಿಕ ಹೂಬಳ್ಳಿಯನ್ನು ಕಪ್ಪು-ಬೂದು ಛಾಯೆಗಳಲ್ಲೇ ರೂಪಿಸುವಾಗ ಮೊದಲು ನೋಡಬೇಕಾದದ್ದು ಹೂವನ್ನಲ್ಲ, ಬೆನ್ನನ್ನು. ಬೆನ್ನುಮೂಳೆಯ ಗೆರೆ ವಿನ್ಯಾಸಕ್ಕೆ ಸಹಜವಾದ ಅಕ್ಷವಾಗುತ್ತದೆ. ಆದರೆ ಕೈ ಎತ್ತಿದಾಗ ಹೆಗಲಿನ ಮೂಳೆಗಳು ಸರಿಯುವುದರಿಂದ, ಅವುಗಳ ಮೇಲೆ ನಿಖರವಾದ ವೃತ್ತವನ್ನೋ ಜಾಲರಿಯನ್ನೋ ಇಡದೆ, ಅಗಲವಾದ ಎಸಳುಗಳ ದೊಡ್ಡ ಹೂವನ್ನು ಇಟ್ಟರೆ ಆಕಾರ ಕೆಟ್ಟಂತೆ ಕಾಣುವುದಿಲ್ಲ. ಇದೇ ಕಾರಣಕ್ಕೆ ಸ್ಟೆನ್ಸಿಲನ್ನು (ವಿನ್ಯಾಸದ ಗೆರೆಗಳನ್ನು ಚರ್ಮಕ್ಕೆ ಇಳಿಸುವ ಹಾಳೆ) ನೀವು ಕೈಗಳನ್ನು ಇಳಿಬಿಟ್ಟು ನೇರವಾಗಿ ನಿಂತಿರುವಾಗಲೇ ಅಂಟಿಸಬೇಕು.

ಮಾದರಿ ಬೇಕಿದ್ದರೆ ಬೇಲೂರು, ಹಳೇಬೀಡುಗಳ ಹೊಯ್ಸಳ ದೇವಾಲಯಗಳ ಬಳ್ಳಿಪಟ್ಟಿಕೆಗಳನ್ನು ಗಮನಿಸಿ. ಬಣ್ಣವೇ ಇಲ್ಲದ ಆ ಬಳಪದ ಕಲ್ಲಿನಲ್ಲಿ ಸುರುಳಿಯ ಹಿಂದೆ ಆಳವಾಗಿ ಕೊರೆದ ಜಾಗದ ನೆರಳೇ ಎಲೆ-ಹೂಗಳನ್ನು ಮುಂದಕ್ಕೆ ತರುತ್ತದೆ. ಹಚ್ಚೆಯಲ್ಲೂ ಗಾಢ ಕಪ್ಪನ್ನು ಹೀಗೆ ಹಿನ್ನೆಲೆಗೆ, ಎಸಳುಗಳ ಬುಡಕ್ಕೆ ಮೀಸಲಿಡುವುದು ಉತ್ತಮ.

ಬೂದು ಛಾಯೆ ಸಾಮಾನ್ಯವಾಗಿ ಕಪ್ಪು ಶಾಯಿಯನ್ನು ತೆಳುವಾಗಿಸಿದ್ದು; ಬೆಳಕಿನ ಕೆಲಸವನ್ನು ಶಾಯಿ ತಾಗದ ಚರ್ಮವೇ ಮಾಡುತ್ತದೆ. ಕಂದು ಮೈಬಣ್ಣದ ಮೇಲೆ ತೀರಾ ತೆಳುವಾದ ಬೂದು ಛಾಯೆ, ಹಚ್ಚೆಯ ಗಾಯ ಮಾಗಿದ ಬಳಿಕ ಅಷ್ಟಾಗಿ ಕಾಣಿಸದ ಕಾರಣ, ಹತ್ತು ಸೂಕ್ಷ್ಮ ಛಾಯೆಗಳಿಗಿಂತ ಪರಸ್ಪರ ಸ್ಪಷ್ಟವಾಗಿ ಬೇರೆಯಾದ ಮೂರೇ ಛಾಯೆಗಳು ಸಾಕು. ವರ್ಷಗಳು ಕಳೆದಂತೆ ಗೆರೆಗಳು ತುಸು ಹರಡುವುದರಿಂದ ಅವುಗಳ ನಡುವೆ ಧಾರಾಳವಾಗಿ ಜಾಗ ಬಿಡಬೇಕು. ಕಾಗದದ ಮೇಲೆ ಚಿತ್ರ ಸ್ವಲ್ಪ ಖಾಲಿ ಎನಿಸಿದರೂ ಚಿಂತೆಯಿಲ್ಲ.