ಲಸಿಕೆ: ಈಗಲೇ ಹಾಕಿಸಿಕೊಳ್ಳಲೋ, ಕಾದು ನೋಡಲೋ?

ಓದುಗರ ಪ್ರಶ್ನೆ, ವೈದ್ಯರ ಉತ್ತರ / ಜುಲೈ 2021

ಕೊರೊನಾ ಲಸಿಕೆ ಕುರಿತು ಬಂದ ಪತ್ರಗಳಲ್ಲಿ ಒಂದೇ ಬಗೆಯವನ್ನು ಸೇರಿಸಿ, ಚಿಕ್ಕದು ಮಾಡಿ ಕೊಟ್ಟಿದ್ದೇವೆ. ಇಲ್ಲಿನ ನಿಯಮ, ಬೆಲೆ, ಅಂಕಿಗಳೆಲ್ಲ 2021ರ ಜುಲೈ ಹೊತ್ತಿನವು.

ಪ್ರಶ್ನೆ: ನನಗೆ 58 ವರ್ಷ, ಸಕ್ಕರೆ ಕಾಯಿಲೆಗೆ ಎಂಟು ವರ್ಷದಿಂದ ಮಾತ್ರೆ ನುಂಗುತ್ತಿದ್ದೇನೆ. ದಿನಸಿ ಅಂಗಡಿ ಇದೆ. ಲಸಿಕೆ ತಯಾರಿಸಲು ಹತ್ತು ವರ್ಷ ಬೇಕು ಎನ್ನುತ್ತಿದ್ದವರು ಒಂದೇ ವರ್ಷದಲ್ಲಿ ತಂದುಬಿಟ್ಟರು. ಕೊಟ್ಟಿರುವುದೂ ತುರ್ತು ಬಳಕೆಯ ಅನುಮತಿ ಮಾತ್ರ. ಇನ್ನೊಂದು ವರ್ಷ ಬೇರೆಯವರಿಗೆ ಏನಾಗುತ್ತದೆಂದು ನೋಡಿ ಹಾಕಿಸಿಕೊಂಡರೆ ತಪ್ಪೇನು? (ದಾವಣಗೆರೆ)

ಉತ್ತರ: ಬೇರೆಯವರಿಗೆ ಏನಾಯಿತು ಎಂಬುದು ಆಗಲೇ ಬಹಳಷ್ಟು ಗೊತ್ತಾಗಿದೆ. ಜನವರಿ 16ರಿಂದ ಇಲ್ಲಿಯವರೆಗೆ ದೇಶದಲ್ಲಿ 38 ಕೋಟಿಗೂ ಹೆಚ್ಚು ಡೋಸ್ ಹಾಕಿಯಾಗಿದೆ. ಮೊದಲು ತೋಳು ಕೊಟ್ಟವರು ಡಾಕ್ಟರು, ನರ್ಸು, ಆಶಾ ಕಾರ್ಯಕರ್ತೆಯರು. ಅವರಿಗೆ ಆರು ತಿಂಗಳಾಯಿತು. ಮಾತ್ರೆಯಾದರೆ ವರ್ಷಗಟ್ಟಲೆ ದಿನಾ ನುಂಗುತ್ತೀರಿ, ಅದರ ಕೆಡುಕು ನಿಧಾನವಾಗಿ ಸೇರುತ್ತ ಬರಬಹುದು. ಲಸಿಕೆ ಹಾಗಲ್ಲ, ಅರ್ಧ ಎಂಎಲ್‌ನಂತೆ ಎರಡು ಸಲ ಹಾಕಿದರೆ ಮುಗಿಯಿತು. ಹಿಂದಿನ ಲಸಿಕೆಗಳಲ್ಲಿ ಕಂಡ ಗಂಭೀರ ತೊಂದರೆಗಳು ಹೆಚ್ಚೂಕಡಿಮೆ ಎಲ್ಲವೂ ಆರೆಂಟು ವಾರದೊಳಗೇ ಕಾಣಿಸಿಕೊಂಡಂಥವು. ಹಾಗಾಗಿ ಒಂದು ವರ್ಷ ಕಾದರೆ ಸಿಗುವ ಹೊಸ ಮಾಹಿತಿ ನೀವು ಅಂದುಕೊಂಡಷ್ಟು ದೊಡ್ಡದಲ್ಲ.

ಇನ್ನು ಅವಸರದ ಮಾತು. ಸಮಯ ಉಳಿದದ್ದು ಎಲ್ಲಿ ಎಂದು ನೋಡಬೇಕು. ಕೋವಿಶೀಲ್ಡ್‌ನ ಮೂಲ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ್ದು. ಚಿಂಪಾಂಜಿಯ ನೆಗಡಿ ವೈರಸ್ಸನ್ನು ಪಳಗಿಸಿ ಲಸಿಕೆಗೆ ಬಳಸುವ ವಿಧಾನವನ್ನು ಅವರು ಮೆರ್ಸ್ (ಕೊರೊನಾ ಜಾತಿಯದೇ ಇನ್ನೊಂದು ವೈರಸ್ಸಿನಿಂದ ಬರುವ) ಕಾಯಿಲೆಗಾಗಿ ಮೊದಲೇ ಸಿದ್ಧ ಮಾಡಿಕೊಂಡಿದ್ದರು. 2020ರ ಜನವರಿಯಲ್ಲಿ ಕೊರೊನಾದ ಜೀನ್ ಪಟ್ಟಿ ಹೊರಬಿದ್ದಾಗ ಬದಲಿಸಬೇಕಾದದ್ದು ಒಂದು ತುಂಡು ಮಾತ್ರ. ಕೊವ್ಯಾಕ್ಸಿನ್ ಅಂತೂ ಹಳೇ ದಾರಿಯದ್ದೇ: ವೈರಸ್ ಬೆಳೆಸಿ, ಕೊಂದು, ಶುದ್ಧ ಮಾಡಿ ಕೊಡುವುದು. ಪೋಲಿಯೋ ಚುಚ್ಚುಮದ್ದು, ಹುಚ್ಚುನಾಯಿ ಕಡಿತದ ಚುಚ್ಚುಮದ್ದು ಅದೇ ಜಾತಿ. ಜೊತೆಗೆ, ಪ್ರಯೋಗದಲ್ಲಿ ಸಾಕಷ್ಟು ಜನಕ್ಕೆ ಕಾಯಿಲೆ ಬರುವವರೆಗೆ ಫಲಿತಾಂಶ ಹೇಳಲು ಬರುವುದಿಲ್ಲ. ಸಾಮಾನ್ಯ ಕಾಲದಲ್ಲಿ ಅದಕ್ಕೇ ವರ್ಷಗಳು ಹಿಡಿಯುತ್ತವೆ. ಊರೆಲ್ಲ ಸೋಂಕು ಹಬ್ಬಿದ್ದಾಗ ತಿಂಗಳುಗಳು ಸಾಕು.

ಒಂದು ತಕರಾರು ಮಾತ್ರ ನ್ಯಾಯವಾದದ್ದು. ಜನವರಿ 3ರಂದು ಕೊವ್ಯಾಕ್ಸಿನ್‌ಗೆ ಅನುಮತಿ ಕೊಟ್ಟಾಗ ಅದರ ಮೂರನೇ ಹಂತದ, ಅಂದರೆ ಸಾವಿರಾರು ಜನರ ಮೇಲಿನ ಪ್ರಯೋಗದ ಫಲಿತಾಂಶ ಬಂದಿರಲಿಲ್ಲ. ಆಗ ಹಿಂಜರಿದವರನ್ನು ಅವಿವೇಕಿಗಳೆನ್ನಲಾಗದು. ಈಗ ಆ ಲೆಕ್ಕ ಬಂದಿದೆ, ಮುಂದಿನ ಉತ್ತರದಲ್ಲಿ ನೋಡಿ.

ಕಾಯುವುದಕ್ಕೂ ಬೆಲೆಯಿದೆ. ಮಾರ್ಚ್‌ನಲ್ಲಿ ಲಸಿಕಾ ಕೇಂದ್ರಗಳಲ್ಲಿ ಕುರ್ಚಿಗಳು ಖಾಲಿ ಇದ್ದವು. ಮೇ 5ರಂದು ಕರ್ನಾಟಕದಲ್ಲಿ ಒಂದೇ ದಿನ 50,112 ಪ್ರಕರಣ. ಆಗ ಎಲ್ಲರೂ ಒಟ್ಟಿಗೆ ಓಡಿದರು, ಲಸಿಕೆ ಇರಲಿಲ್ಲ. ಸಿಕ್ಕವರಿಗೂ ರಕ್ಷಣೆ ಮರುದಿನವೇ ಬರಲಿಲ್ಲ. ಕ್ಯಾಲೆಂಡರ್ ಹಿಡಿದು ನೋಡಿ: ಜುಲೈ 20ಕ್ಕೆ ಕೋವಿಶೀಲ್ಡ್ ಮೊದಲ ಡೋಸ್ ಹಾಕಿಸಿಕೊಂಡರೆ 84 ದಿನಕ್ಕೆ, ಅಂದರೆ ಅಕ್ಟೋಬರ್ 12ಕ್ಕೆ ಎರಡನೆಯದು. ಅದಾಗಿ ಎರಡು ವಾರ, ಅಕ್ಟೋಬರ್ 26. ಕೊವ್ಯಾಕ್ಸಿನ್ ಆದರೆ ಆಗಸ್ಟ್ 17ಕ್ಕೆ ಎರಡನೇ ಡೋಸ್, ತಿಂಗಳ ಕೊನೆಗೆ ಪೂರ್ತಿ ರಕ್ಷಣೆ. ಅಲೆ ಎದ್ದ ಮೇಲೆ ಹೊರಟವರು ಅಲೆ ಇಳಿದ ಮೇಲೆ ತಲುಪುತ್ತಾರೆ.

58 ವಯಸ್ಸು, ಸಕ್ಕರೆ ಕಾಯಿಲೆ, ದಿನವಿಡೀ ಗಿರಾಕಿಗಳೆದುರು ಕೂರುವ ಕೆಲಸ: ನಿಮ್ಮ ವಿಷಯದಲ್ಲಿ ನಮಗೆ ಅನುಮಾನವೇ ಇಲ್ಲ, ಈ ವಾರವೇ ಹಾಕಿಸಿಕೊಳ್ಳಿ. ಸಕ್ಕರೆ ಹತೋಟಿಗೆ ಬರಲಿ ಎಂದು ಮುಂದೂಡಬೇಡಿ. ಆ ದಿನ ಮಾತ್ರೆ ಬಿಡಬೇಡಿ, ತಿಂಡಿ ತಿಂದೇ ಹೋಗಿ.

ಪ್ರಶ್ನೆ: ಕೊವ್ಯಾಕ್ಸಿನ್ ಶೇ 77.8ರಷ್ಟು ಪರಿಣಾಮಕಾರಿ ಎಂದು ಓದಿದೆ. ಹಾಗಾದರೆ ನೂರು ಜನರಲ್ಲಿ 22 ಮಂದಿಗೆ ಲಸಿಕೆ ಹಾಕಿಸಿಕೊಂಡರೂ ಕಾಯಿಲೆ ಬರುತ್ತದೆಯೇ? (ಶಿವಮೊಗ್ಗ)

ಉತ್ತರ: ಇಲ್ಲ. ಎಲ್ಲರೂ ಎಡವುವ ಜಾಗ ಇದು. ಸುಮಾರು 25,800 ಸ್ವಯಂಸೇವಕರನ್ನು ಎರಡು ಗುಂಪು ಮಾಡಿ ಒಂದಕ್ಕೆ ಲಸಿಕೆ, ಇನ್ನೊಂದಕ್ಕೆ ಲಸಿಕೆಯಿಲ್ಲದ ಚುಚ್ಚುಮದ್ದು ಕೊಟ್ಟರು. ಯಾರಿಗೆ ಯಾವುದು ಎಂದು ಹಾಕಿಸಿಕೊಂಡವರಿಗೂ ಗೊತ್ತಿಲ್ಲ, ಹಾಕಿದವರಿಗೂ ಗೊತ್ತಿಲ್ಲ. ಲೆಕ್ಕಕ್ಕೆ ಸಿಕ್ಕ, ಲಕ್ಷಣಗಳಿದ್ದ ಕೋವಿಡ್ ಪ್ರಕರಣಗಳು ಒಟ್ಟು 130. ಅದರಲ್ಲಿ 106 ಲಸಿಕೆ ಸಿಗದ ಗುಂಪಿನಲ್ಲಿ, 24 ಲಸಿಕೆಯ ಗುಂಪಿನಲ್ಲಿ. ಲಸಿಕೆ ಇಲ್ಲದಿದ್ದರೆ ನೂರು ಜನ ಮಲಗುತ್ತಿದ್ದ ಕಡೆ ಸುಮಾರು 22 ಜನ ಮಲಗಿದರು ಎಂದು ಇದರ ಅರ್ಥ. ಆ 24 ಜನ ನೂರರಲ್ಲಿ ಅಲ್ಲ, ಸಾವಿರಾರು ಜನರ ಗುಂಪಿನಲ್ಲಿ. ಗಂಭೀರವಾದವರನ್ನಷ್ಟೇ ಎಣಿಸಿದರೆ ಹದಿನೈದಕ್ಕೆ ಒಂದು. ಕಂಪನಿ ಈ ಲೆಕ್ಕ ಪ್ರಕಟಿಸಿದ್ದು ಇದೇ ಜುಲೈ 3ರಂದು.

ಕೋವಿಶೀಲ್ಡ್‌ನ ಅಂಕಿ ಅಂತರದ ಮೇಲೆ ನಿಂತಿದೆ. ಮೂಲ ಲಸಿಕೆಯ ವಿದೇಶಿ ಪ್ರಯೋಗಗಳಲ್ಲಿ ಎರಡು ಡೋಸ್ ನಡುವೆ ಆರು ವಾರಕ್ಕಿಂತ ಕಡಿಮೆ ಇದ್ದವರಲ್ಲಿ ಶೇ 55, ಹನ್ನೆರಡು ವಾರ ಅಥವಾ ಹೆಚ್ಚು ಇದ್ದವರಲ್ಲಿ ಶೇ 81. ಮೇ 13ರಂದು ನಮ್ಮಲ್ಲಿ ಅಂತರವನ್ನು 12ರಿಂದ 16 ವಾರಕ್ಕೆ ಏರಿಸಿದಾಗ 'ಲಸಿಕೆ ಇಲ್ಲವಲ್ಲ, ಅದಕ್ಕೆ' ಎಂದರು. ಕೊರತೆ ಇದ್ದದ್ದು ನಿಜ, ಅಂಕಿ ಇದ್ದದ್ದೂ ನಿಜ. ಆದರೆ ಒಂದೇ ಡೋಸ್ ಹಾಕಿಸಿಕೊಂಡು ಮದುವೆ ಮನೆಗಳಿಗೆ ಹೊರಡಬೇಡಿ. ಕೊರೊನಾದ ರೂಪಾಂತರಿ ಡೆಲ್ಟಾ ಎದುರು ಇಂಗ್ಲೆಂಡಿನಲ್ಲಿ ಲೆಕ್ಕ ಹಾಕಿದಾಗ ಇದೇ ಲಸಿಕೆಯ ಒಂದು ಡೋಸ್ ಲಕ್ಷಣವಿರುವ ಕಾಯಿಲೆಯನ್ನು ತಡೆದದ್ದು ಶೇ 33ರಷ್ಟು, ಎರಡು ಡೋಸ್ ಶೇ 60. ಆಸ್ಪತ್ರೆ ಸೇರುವುದನ್ನು ತಪ್ಪಿಸುವುದರಲ್ಲಿ ಮಾತ್ರ ಒಂದೇ ಡೋಸ್ ಶೇ 71, ಎರಡಾದರೆ 92.

ಪ್ರಶ್ನೆ: ಕೋವಿಶೀಲ್ಡ್‌ನಿಂದ ರಕ್ತ ಹೆಪ್ಪುಗಟ್ಟುತ್ತದಂತೆ. ಕೊವ್ಯಾಕ್ಸಿನ್ ಸಿಗುವವರೆಗೆ ಕಾಯಲೇ? ವಯಸ್ಸು 44, ಬಿಪಿ ಇದೆ. (ಮಂಗಳೂರು)

ಉತ್ತರ: ಸುದ್ದಿ ಸುಳ್ಳಲ್ಲ, ಅಪರೂಪ. ದೇಹ ಲಸಿಕೆಗೆ ತಪ್ಪಾಗಿ ಪ್ರತಿಕ್ರಿಯಿಸಿ, ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ಟುಗಳನ್ನೇ ಕೆಣಕುವ ಪ್ರತಿಕಾಯ ತಯಾರಿಸುತ್ತದೆ. ಆಗ ಒಂದು ಕಡೆ ರಕ್ತ ಹೆಪ್ಪುಗಟ್ಟುತ್ತದೆ, ಇನ್ನೊಂದು ಕಡೆ ಪ್ಲೇಟ್‌ಲೆಟ್ ಕುಸಿಯುತ್ತದೆ. ಲಸಿಕೆಯ ಅಡ್ಡಪರಿಣಾಮ ಪರಿಶೀಲಿಸುವ ನಮ್ಮ ದೇಶದ ಸಮಿತಿ ಮೇ 17ರಂದು ಹೇಳಿದ ಪ್ರಕಾರ ಹತ್ತು ಲಕ್ಷ ಡೋಸಿಗೆ 0.61 ಪ್ರಕರಣ, ಬ್ರಿಟನ್ನಿನಲ್ಲಿ 4, ಜರ್ಮನಿಯಲ್ಲಿ 10. ನಮ್ಮಲ್ಲಿ ಎಲ್ಲ ಪ್ರಕರಣವೂ ವರದಿಯಾಗುತ್ತದೆಂದು ನಾವು ನಂಬಿಲ್ಲ. ಹಾಗಾಗಿ ನಮ್ಮ ಅಂಕಿ ಬಿಟ್ಟು ಜರ್ಮನಿಯದ್ದನ್ನೇ ಹಿಡಿಯಿರಿ. ಆಗಲೂ ಲಕ್ಷಕ್ಕೆ ಒಬ್ಬರು. ಕೋವಿಡ್ ಬಂದರೂ ರಕ್ತ ಹೆಪ್ಪುಗಟ್ಟುತ್ತದೆ, ಅದು ಇಷ್ಟು ಅಪರೂಪವಲ್ಲ. ಬಿಪಿಗೂ ಈ ತೊಂದರೆಗೂ ಸಂಬಂಧವಿಲ್ಲ. ನಾಳೆಯೇ ಕೊವ್ಯಾಕ್ಸಿನ್ ಸಿಗುವುದಾದರೆ ಅದನ್ನೇ ಹಾಕಿಸಿಕೊಳ್ಳಿ, ತಕರಾರಿಲ್ಲ. ಅದಕ್ಕಾಗಿ ತಿಂಗಳು ಕಾಯುವುದು ಮಾತ್ರ ಲಾಭದ ವ್ಯವಹಾರವಲ್ಲ.

ಕೋವಿಶೀಲ್ಡ್ ಹಾಕಿಸಿಕೊಂಡ ಮೇಲೆ ಸುಮಾರು ಮೂರು ವಾರ ಇವುಗಳ ಮೇಲೆ ಕಣ್ಣಿಡಿ: ಮಾತ್ರೆಗೆ ಬಗ್ಗದ ತಲೆನೋವು, ಕಣ್ಣು ಮಂಜಾಗುವುದು, ಉಸಿರಾಟದ ತೊಂದರೆ, ಎದೆನೋವು, ಬಿಡದ ಹೊಟ್ಟೆನೋವು, ಒಂದೇ ಕಾಲು ಊದಿ ನೋಯುವುದು, ಸೂಜಿ ಚುಚ್ಚಿದ ಜಾಗ ಬಿಟ್ಟು ಬೇರೆಡೆ ಸಾಸಿವೆ ಕಾಳಿನಂಥ ಕೆಂಪು ಚುಕ್ಕಿ. ಮೊದಲೆರಡು ದಿನದ ಮೈಕೈ ನೋವು, ತಲೆಭಾರ ಇದಲ್ಲ. ನಾಲ್ಕೈದು ದಿನ ಕಳೆದ ಮೇಲೆ ಹೊಸದಾಗಿ ಶುರುವಾದರೆ ಆಸ್ಪತ್ರೆಗೆ ಹೋಗಿ, ಲಸಿಕೆ ಹಾಕಿಸಿಕೊಂಡ ತಾರೀಖನ್ನು ಮೊದಲು ಹೇಳಿ. ಪ್ಲೇಟ್‌ಲೆಟ್ ಎಣಿಕೆ, ಡಿ-ಡೈಮರ್ (ಒಳಗೆ ರಕ್ತ ಹೆಪ್ಪುಗಟ್ಟಿದೆಯೇ ಎಂಬ ಸುಳಿವು ಕೊಡುವ ರಕ್ತ ಪರೀಕ್ಷೆ) ಮಾಡಿಸಬೇಕಾಗುತ್ತದೆ. ತಾರೀಖು ಹೇಳದಿದ್ದರೆ ಮಾಮೂಲಿನಂತೆ ರಕ್ತ ತೆಳುವಾಗಿಸುವ ಹೆಪಾರಿನ್ ಶುರು ಮಾಡಿಯಾರು. ಈ ಕಾಯಿಲೆಯಲ್ಲಿ ಅದನ್ನು ಕೊಡಬಾರದು.

ಪ್ರಶ್ನೆ: ಅಮ್ಮನಿಗೆ 72. ಹೃದಯದ ಕವಾಟ ಬದಲಿಸಿದ್ದಾರೆ, ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಲಸಿಕೆಗೆ ಮುಂಚೆ ಮಾತ್ರೆ ನಿಲ್ಲಿಸಬೇಕೆ? (ಹಾವೇರಿ)

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ಕೃತಕ ಕವಾಟ ಇರುವವರು ವಾರ್ಫರಿನ್ ಬಿಡುವುದು ಲಸಿಕೆಗಿಂತ ಎಷ್ಟೋ ಪಾಲು ಅಪಾಯ. ಇಲ್ಲಿ ಇರುವ ಭಯ ಸ್ನಾಯುವಿನೊಳಗೆ ರಕ್ತ ಜಿನುಗಿ ತೋಳು ಊದಿಕೊಳ್ಳುವುದು, ಅಷ್ಟೇ. ಇತ್ತೀಚಿನ ಐಎನ್‌ಆರ್ (ರಕ್ತ ಎಷ್ಟು ತೆಳುವಾಗಿದೆ ಎಂದು ತಿಳಿಸುವ) ಪರೀಕ್ಷೆಯ ಚೀಟಿ ಇಟ್ಟುಕೊಂಡು ಹೋಗಿ. ಅದು ವೈದ್ಯರು ಹೇಳಿದ ಮಿತಿಯೊಳಗಿರಬೇಕು. 23 ಗೇಜ್ ಅಥವಾ ಅದಕ್ಕಿಂತ ಸಣ್ಣ ಸೂಜಿ ಬಳಸಲು ಕೇಳಿ. ಚುಚ್ಚಿದ ಮೇಲೆ ಹತ್ತಿಯಿಂದ ಗಟ್ಟಿಯಾಗಿ ಎರಡು ನಿಮಿಷ ಒತ್ತಿ ಹಿಡಿಯಬೇಕು, ಉಜ್ಜಬಾರದು. ಉಜ್ಜಿದರೆ ತೋಳು ನೀಲಿಗಟ್ಟಬಹುದು. ಕೊವ್ಯಾಕ್ಸಿನ್‌ನ ಮಾಹಿತಿ ಪತ್ರದಲ್ಲಿ ರಕ್ತ ತೆಳುವಾಗಿಸುವ ಮಾತ್ರೆಯವರಿಗೆ ಬೇಡವೆಂಬ ಸಾಲು ಇರುವುದರಿಂದ ಇವರಿಗೆ ಕೋವಿಶೀಲ್ಡ್ ಸಲೀಸು.

ಪ್ರಶ್ನೆ: ಮೇ ತಿಂಗಳಲ್ಲಿ ಕೋವಿಡ್ ಬಂದು ಹೋಯಿತು. ಲಸಿಕೆ ಬೇಕೇ? (ಕಲಬುರಗಿ)

ಉತ್ತರ: ಬೇಕು, ಗುಣವಾಗಿ ಮೂರು ತಿಂಗಳಾದ ಮೇಲೆ. ಮೊದಲ ಡೋಸ್ ಆದ ಮೇಲೆ ಸೋಂಕು ತಗುಲಿದವರಿಗೂ ಇದೇ ನಿಯಮ. ಲಸಿಕೆಗೆ ಮುಂಚೆ ಆರ್‌ಟಿಪಿಸಿಆರ್ ಬೇಡ. ಆಮೇಲೆ 'ಪ್ರತಿಕಾಯ ಬಂತೇ' ಎಂದು ಲ್ಯಾಬಿಗೆ ದುಡ್ಡು ಸುರಿಯುವುದೂ ಬೇಡ. ಕೆಲವು ಕಿಟ್‌ಗಳು ವೈರಸ್ಸಿನ ಒಳಭಾಗದ ಪ್ರೋಟೀನಿನ ಪ್ರತಿಕಾಯ ಹುಡುಕುತ್ತವೆ. ಕೋವಿಶೀಲ್ಡ್ ಕಲಿಸುವುದು ಹೊರಗಿನ ಮುಳ್ಳಿನ ಪ್ರೋಟೀನನ್ನು ಮಾತ್ರ. ಹಾಗಾಗಿ ಲಸಿಕೆ ಚೆನ್ನಾಗಿ ಹಿಡಿದವರಿಗೂ 'ನೆಗೆಟಿವ್' ಬಂದು ಗಾಬರಿಯಾಗುತ್ತದೆ.

ಪ್ರಶ್ನೆ: ಐದು ತಿಂಗಳ ಬಸುರಿ. ಹೆರಿಗೆಯಾದ ಮೇಲೆ ನೋಡೋಣ ಅನ್ನುತ್ತಾರೆ ನಮ್ಮ ಅತ್ತೆ. (ಹಾಸನ)

ಉತ್ತರ: ಜುಲೈ 2ರಿಂದ ಕೇಂದ್ರ ಸರ್ಕಾರ ಗರ್ಭಿಣಿಯರಿಗೂ ಅನುಮತಿ ಕೊಟ್ಟಿದೆ, ಯಾವ ತಿಂಗಳಲ್ಲಾದರೂ ಸರಿ. ಅತ್ತೆಯವರ ಹಿಂಜರಿಕೆಗೆ ಕಾರಣವಿದೆ: ಆರಂಭದ ಪ್ರಯೋಗಗಳಲ್ಲಿ ಗರ್ಭಿಣಿಯರನ್ನು ಸೇರಿಸಿರಲಿಲ್ಲ. ಆದರೆ ಇವೆರಡೂ ಲಸಿಕೆಗಳಲ್ಲಿ ದೇಹದೊಳಗೆ ಬೆಳೆಯಬಲ್ಲ ವೈರಸ್ ಇಲ್ಲ. ಮತ್ತೊಂದು ಕಡೆ, ಬಸಿರಲ್ಲಿ ಕೋವಿಡ್ ಬಂದರೆ ಐಸಿಯು ಸೇರುವ, ತಿಂಗಳು ತುಂಬುವ ಮೊದಲೇ ಹೆರಿಗೆಯಾಗುವ ಸಂಭವ ಹೆಚ್ಚು. ಮನೆಯಿಂದ ಹೊರಗೆ ಕೆಲಸಕ್ಕೆ ಹೋಗುತ್ತೀರಾದರೆ, ಸಕ್ಕರೆ ಅಥವಾ ಬಿಪಿ ಇದ್ದರೆ, ಮುಂದೂಡಬೇಡಿ. ಅತ್ತೆಯವರನ್ನೂ ಮುಂದಿನ ತಪಾಸಣೆಗೆ ಕರೆದುಕೊಂಡು ಹೋಗಿ, ಅವರ ಅನುಮಾನವನ್ನು ಅವರೇ ಡಾಕ್ಟರ ಹತ್ತಿರ ಕೇಳಲಿ. ಲಸಿಕೆಯ ಜ್ವರ ಬಂದರೆ ಪ್ಯಾರಾಸಿಟಮಾಲ್ ಸಾಕು. ಬಾಣಂತಿಯರು ಹಾಲೂಡಿಸುವುದನ್ನು ಒಂದು ಹೊತ್ತೂ ನಿಲ್ಲಿಸಬೇಕಿಲ್ಲ.

ಪ್ರಶ್ನೆ: ಮಗ ಸೆಪ್ಟೆಂಬರ್‌ನಲ್ಲಿ ಓದಲು ಜರ್ಮನಿಗೆ ಹೊರಟಿದ್ದಾನೆ. ಯಾವ ಲಸಿಕೆ? (ಬೆಂಗಳೂರು)

ಉತ್ತರ: ಕೋವಿಶೀಲ್ಡ್. ಕೊವ್ಯಾಕ್ಸಿನ್ ಇನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಸೇರಿಲ್ಲ. ಓದಿಗೆ, ಕೆಲಸಕ್ಕೆ ಹೊರದೇಶಕ್ಕೆ ಹೋಗುವವರು 84 ದಿನ ಕಾಯಬೇಕಿಲ್ಲ. 28 ದಿನವಾದ ಮೇಲೆ ಎರಡನೇ ಡೋಸ್ ಸಿಗುತ್ತದೆ. ಆಗಸ್ಟ್ 31ರೊಳಗೆ ಪ್ರಯಾಣ ಮಾಡುವವರಿಗೆಂದು ಈ ಸವಲತ್ತು ಇರುವುದರಿಂದ ಟಿಕೆಟ್ ತಾರೀಖನ್ನು ಹಿಂದಕ್ಕೆ ತರಲಾಗುತ್ತದೆಯೇ ನೋಡಿ. ಪ್ರವೇಶ ಪತ್ರ, ವೀಸಾ ಕಾಗದ ಜೊತೆಗಿರಲಿ, ಪ್ರಮಾಣಪತ್ರದಲ್ಲಿ ಪಾಸ್‌ಪೋರ್ಟ್ ನಂಬರ್ ನಮೂದಾಗಲಿ. ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಅಕ್ಷರ ಅಕ್ಷರ ಹೊಂದಬೇಕು. ಆಧಾರ್‌ನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ತಿ ಹೆಸರು ಇರುವ ನಮ್ಮವರು ಸಿಕ್ಕಿಬೀಳುವುದು ಇಲ್ಲೇ.

ಪ್ರಶ್ನೆ: ಲಸಿಕೆ ಹಾಕಿಸಿಕೊಂಡ ತೋಳಿಗೆ ನಾಣ್ಯ ಅಂಟುತ್ತದೆ. ಏನಿದೆ ಅದರಲ್ಲಿ? (ವಿಜಯಪುರ)

ಉತ್ತರ: ಬೆವರು. ತೋಳಿಗೆ ಟಾಲ್ಕಂ ಪೌಡರ್ ಸವರಿ ಮತ್ತೆ ಅಂಟಿಸಿ ನೋಡಿ.

ಪ್ರಶ್ನೆ: ನನಗೆ ಜ್ವರವೇ ಬರಲಿಲ್ಲ, ಲಸಿಕೆ ಹಿಡಿದಿಲ್ಲವೇ? ತಮ್ಮನಿಗೆ ನಾಲ್ಕನೇ ದಿನವೂ ಜ್ವರ, ಕೆಮ್ಮು ಬೇರೆ. (ತುಮಕೂರು)

ಉತ್ತರ: ಜ್ವರ ಲಸಿಕೆ ಹಿಡಿದದ್ದರ ಗುರುತಲ್ಲ, ಬರದಿದ್ದರೂ ಹಿಡಿದಿರುತ್ತದೆ. ತಮ್ಮನನ್ನು ಇಂದೇ ಕೋವಿಡ್ ಪರೀಕ್ಷೆಗೆ ಕಳಿಸಿ. ಲಸಿಕೆಯ ಜ್ವರ ಸಾಮಾನ್ಯವಾಗಿ ಮೊದಲ ದಿನ ಏರಿ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಕೆಮ್ಮು, ವಾಸನೆ ಹೋಗುವುದು ಲಸಿಕೆಯಿಂದ ಬರುವಂಥದ್ದಲ್ಲ. ಲಸಿಕೆಯ ಜ್ವರವೆಂದು ಡೋಲೋ (ಪ್ಯಾರಾಸಿಟಮಾಲ್) ನುಂಗಿ ಮನೆಯವರಿಗೆಲ್ಲ ಸೋಂಕು ಹಂಚಿದವರು ಈ ಬೇಸಗೆಯಲ್ಲಿ ಬೇಕಾದಷ್ಟಿದ್ದರು. ಅಂದಹಾಗೆ ಆ ಮಾತ್ರೆಯನ್ನು ಮುಂಚಿತವಾಗಿ ನುಂಗಿ ಹೋಗಬೇಕಿಲ್ಲ. ಜ್ವರ ಬಂದರೆ 650ರದ್ದು ಆರು ಗಂಟೆಗೊಂದು, ದಿನಕ್ಕೆ ನಾಲ್ಕು ಮೀರಬಾರದು.

ಪ್ರಶ್ನೆ: ಕೇಂದ್ರದಲ್ಲಿ ಏನೇನು ಗಮನಿಸಬೇಕು? ಅಪಾರ್ಟ್‌ಮೆಂಟಿನಲ್ಲಿ ಶಿಬಿರ ಮಾಡುತ್ತಾರಂತೆ, ನಂಬಬಹುದೇ? (ಮೈಸೂರು)

ಉತ್ತರ: ಕೋವಿಶೀಲ್ಡ್ ಸೀಸೆಯಲ್ಲಿ ಹತ್ತು ಡೋಸ್. ತೆರೆದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ 'ಹತ್ತು ಜನ ಸೇರಲಿ' ಎಂದು ಕೂರಿಸುವುದು ಅದಕ್ಕೇ, ಸಿಸ್ಟರ್ ಮೇಲೆ ಸಿಟ್ಟಾಗಬೇಡಿ. ಸೀಸೆಯ ಮೇಲೆ ತೆರೆದ ಹೊತ್ತು ಬರೆದಿದೆಯೇ, ನಿಮ್ಮೆದುರೇ ಹೊಸ ಸಿರಿಂಜ್ ಬಿಚ್ಚಿದರೇ, 0.5 ಗೆರೆಯವರೆಗೆ ತುಂಬಿದರೇ ನೋಡಿ. ತೋಳು ಪೂರ್ತಿ ತೆರೆಯುವಂಥ ಅಂಗಿ ಹಾಕಿಕೊಂಡು ಹೋಗಿ. ಕುತ್ತಿಗೆಯ ಕಡೆಯಿಂದ ಅಂಗಿ ಜಾರಿಸಿ ಕೊಟ್ಟರೆ ಸೂಜಿ ತೀರಾ ಮೇಲೆ, ಭುಜದ ಕೀಲಿನ ಹತ್ತಿರ ಬಿದ್ದು ವಾರಗಟ್ಟಲೆ ಕೈ ಎತ್ತಲಾಗದಂಥ ನೋವು ಬರಬಹುದು. ಭುಜದ ಮೂಳೆಯಿಂದ ಎರಡು ಮೂರು ಬೆರಳು ಕೆಳಗೆ ಸರಿಯಾದ ಜಾಗ. ಆಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿರಿ. ತೀವ್ರ ಅಲರ್ಜಿ ಬರುವುದಾದರೆ ಹೆಚ್ಚಾಗಿ ಆ ಹೊತ್ತಿನಲ್ಲೇ, ಅದಕ್ಕೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು ಇರುವುದೂ ಅಲ್ಲೇ.

ಖಾಸಗಿ ಶಿಬಿರವಾದರೆ ಯಾವ ಆಸ್ಪತ್ರೆಯದು ಎಂದು ಕೇಳಿ, ಆ ಆಸ್ಪತ್ರೆಗೇ ಫೋನ್ ಮಾಡಿ. ಮೇ ಕೊನೆಯಲ್ಲಿ ಮುಂಬೈನ ಕಾಂದಿವಲಿಯ ವಸತಿ ಸಮುಚ್ಚಯವೊಂದರಲ್ಲಿ ನಕಲಿ ಶಿಬಿರವೇ ನಡೆದುಹೋಯಿತು. ಜನರಿಗೆ ಅನುಮಾನ ಬಂದದ್ದು ಪ್ರಮಾಣಪತ್ರಗಳು ಬೇರೆ ಬೇರೆ ಆಸ್ಪತ್ರೆಗಳ ಹೆಸರಲ್ಲಿ ಬಂದಾಗ. ಲಸಿಕೆ ನೋಂದಣಿ ತಾಣವಾದ ಕೋವಿನ್‌ನ ನಾಲ್ಕಂಕಿ ಗುಪ್ತ ಸಂಖ್ಯೆಯನ್ನು ಲಸಿಕೆ ಹಾಕುವ ದಿನ ಕೇಂದ್ರದಲ್ಲಿ ಮಾತ್ರ ಹೇಳಿ. ಬೆಲೆಯ ಮಿತಿ ಕೋವಿಶೀಲ್ಡ್‌ಗೆ 780 ರೂಪಾಯಿ, ಕೊವ್ಯಾಕ್ಸಿನ್‌ಗೆ 1,410. ಸೇವಾ ಶುಲ್ಕ, ತೆರಿಗೆ ಎಲ್ಲ ಅದರಲ್ಲೇ ಸೇರಿದೆ. ಸರ್ಕಾರಿ ಕೇಂದ್ರದಲ್ಲಿ ಜೂನ್ 21ರಿಂದ 18 ದಾಟಿದ ಎಲ್ಲರಿಗೂ ಪುಕ್ಕಟೆ. ಸೀಸೆಯ ಮೇಲಿನ ಬ್ಯಾಚ್ ನಂಬರನ್ನು ಅಲ್ಲೇ ಬರೆದುಕೊಂಡು, ಸಂಜೆ ಪ್ರಮಾಣಪತ್ರ ಬಂದಾಗ ತಾಳೆ ನೋಡಿ.