ಇನ್ಸೆಂಟಿವ್ ಕತ್ತರಿಸಿದರು, ಈಗ ಬೇಸಿಕ್‌ಗೂ ಕೈ ಹಾಕಿದ್ದಾರೆ

ಪ್ರಶ್ನೆ: ಔಷಧ ಕಂಪನಿಯೊಂದರಲ್ಲಿ ಮೆಡಿಕಲ್ ರೆಪ್ ಆಗಿದ್ದೇನೆ. ಬೇಸಿಕ್ 22 ಸಾವಿರ. ಟಾರ್ಗೆಟ್ ಮುಟ್ಟಿದರೆ ಮೂರು ತಿಂಗಳಿಗೊಮ್ಮೆ ಇನ್ಸೆಂಟಿವ್. ಏಪ್ರಿಲ್‌ನಿಂದ ಜೂನ್‌ವರೆಗಿನ ಟಾರ್ಗೆಟ್ ದಾಟಿದ್ದೆ. ಜುಲೈನಲ್ಲಿ ವಾಟ್ಸಾಪ್ ಗ್ರೂಪಿಗೆ ಹೊಸ ಸ್ಲ್ಯಾಬ್ (ಎಷ್ಟು ಮಾರಿದರೆ ಎಷ್ಟು ಇನ್ಸೆಂಟಿವ್ ಎಂಬ ಪಟ್ಟಿ) ಬಂತು. ಏಪ್ರಿಲ್‌ನಿಂದಲೇ ಲೆಕ್ಕವಂತೆ! 38 ಸಾವಿರ ಬರಬೇಕಿದ್ದಲ್ಲಿ 11 ಸಾವಿರ ಬಂತು. ಈಗ ಬೇಸಿಕ್ 16 ಸಾವಿರ, ಉಳಿದದ್ದು ವೇರಿಯಬಲ್ (ಕೆಲಸ ನೋಡಿ ಕೊಡುವ, ಖಚಿತವಲ್ಲದ ಮೊತ್ತ) ಎಂಬ ಕಾಗದಕ್ಕೆ ಸಹಿ ಕೇಳುತ್ತಿದ್ದಾರೆ. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಸಹಿ ಹಾಕಬೇಡಿ. ಒತ್ತಾಯ ಮಾಡಿದರೆ, ‘ಓದಿ ಉತ್ತರಿಸುತ್ತೇನೆ’ ಎಂದು ಮೇಲ್ ಕಳಿಸಿ. ಬಾಯಿಮಾತು ಬೇಡ.

ನಿಮ್ಮದು ಎರಡು ಬೇರೆ ಬೇರೆ ಜಗಳ. ಜೂನ್ ಮುಗಿದಾಗ ಯಾವ ಸ್ಲ್ಯಾಬ್ ಇತ್ತೋ ಅದರ ಪ್ರಕಾರವೇ ನೀವು ದುಡಿದಿದ್ದೀರಿ. ಆಟ ಮುಗಿದ ಮೇಲೆ ನಿಯಮ ಬದಲಿಸೋದು ನಡೆಯೋದಿಲ್ಲ. ಬಾಕಿ 27 ಸಾವಿರ ಕೇಳುವ ಹಕ್ಕು ಗಟ್ಟಿಯಾಗಿದೆ. ಆದರೆ ಪಾಲಿಸಿಯಲ್ಲಿ ‘ಸ್ಲ್ಯಾಬ್ ಬದಲಿಸುವ ಅಧಿಕಾರ ಕಂಪನಿಯದು’ ಎಂಬ ಸಾಲಿದ್ದರೆ, ಜುಲೈನಿಂದ ಮುಂದಿನ ಸ್ಲ್ಯಾಬ್ ಬಗ್ಗೆ ವಾದ ಕಷ್ಟ. ಸುಳ್ಳು ಆಸೆ ಹುಟ್ಟಿಸಲಾರೆ.

ಬೇಸಿಕ್ ಇಳಿಸೋದು ಇನ್ನೂ ದೊಡ್ಡ ವಿಷಯ. ಪಿಎಫ್, ಗ್ರಾಚ್ಯುಟಿ ಎರಡಕ್ಕೂ ಅದರ ಏಟು ಬೀಳಬಹುದು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯ 40ನೇ ಸೆಕ್ಷನ್ ಪ್ರಕಾರ, ಕಾರ್ಮಿಕರ ವೇತನ ಬದಲಿಸಬೇಕಾದರೆ ಮೊದಲು ನೋಟಿಸ್ ಕೊಡಬೇಕು. 21 ದಿನ ಕಳೆಯುವ ಮುಂಚೆ ಅದನ್ನು ಜಾರಿ ಮಾಡುವಂತಿಲ್ಲ. 1947ರ ಹಳೆಯ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಇದೇ ಇತ್ತು.

‘ನೀನು ಕಾರ್ಮಿಕನೇ ಅಲ್ಲ’ ಅಂತ ಕಂಪನಿ ಹೇಳಬಹುದು. 1994ರಲ್ಲಿ ಸುಪ್ರೀಂ ಕೋರ್ಟ್, ರೆಪ್‌ಗಳು 1947ರ ಕಾಯ್ದೆಯ ‘ಕಾರ್ಮಿಕ’ ವ್ಯಾಖ್ಯೆಗೆ ಬರುವುದಿಲ್ಲ ಎಂದಿತ್ತು. ನಿಮ್ಮಂಥವರಿಗೆಂದೇ 1976ರ ಬೇರೆ ಕಾಯ್ದೆ ಇತ್ತು. ಹೊಸ ಸಂಹಿತೆಯಲ್ಲಿ ಮಾರಾಟ ಪ್ರಚಾರದ ನೌಕರರನ್ನು, ಅಂದರೆ ನಿಮ್ಮಂಥ ರೆಪ್‌ಗಳನ್ನು, ‘ಕಾರ್ಮಿಕ’ ವ್ಯಾಖ್ಯೆಯೊಳಗೇ ಸೇರಿಸಿದ್ದಾರೆ. ಕಾರ್ಡಿನಲ್ಲಿ ‘ಟೆರಿಟರಿ ಮ್ಯಾನೇಜರ್’ ಅಂತ ಅಚ್ಚು ಹಾಕಿಸಿದ್ದರೂ ಹೆದರಬೇಡಿ. ಕೈಕೆಳಗೆ ಒಬ್ಬರೂ ಇಲ್ಲದ ಮ್ಯಾನೇಜರ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ! ಕೋರ್ಟ್ ನೋಡೋದು ಕೆಲಸವನ್ನು, ಪದನಾಮವನ್ನಲ್ಲ.

ಇನ್ನೊಂದು ಸೂಕ್ಷ್ಮ ಇದೆ. ವೇತನ ಸಂಹಿತೆಯು ಕಮಿಷನ್ ಅನ್ನು ‘ವೇತನ’ದ ಲೆಕ್ಕದಿಂದ ಹೊರಗಿಟ್ಟಿದೆ. ನಿಮ್ಮ ಇನ್ಸೆಂಟಿವ್ ಕೂಡ ಕಮಿಷನ್ನೇ ಎಂದು ಕಂಪನಿ ವಾದಿಸಬಹುದು. ಹಾಗಾಗಿ ನಿಮ್ಮ ಬಾಕಿಗೆ ಆಧಾರ ನೇಮಕಾತಿ ಪತ್ರ ಮತ್ತು ಹಳೆಯ ಸ್ಲ್ಯಾಬ್ ಸರ್ಕ್ಯುಲರ್. ಇವತ್ತೇ ಅವೆರಡನ್ನೂ, ಆ ವಾಟ್ಸಾಪ್ ಸಂದೇಶದ ಸ್ಕ್ರೀನ್‌ಶಾಟನ್ನೂ, ಮೂರು ತಿಂಗಳ ಸೆಕೆಂಡರಿ ಸೇಲ್ಸ್ ಸ್ಟೇಟ್‌ಮೆಂಟನ್ನೂ (ಸ್ಟಾಕಿಸ್ಟ್‌ನಿಂದ ಅಂಗಡಿಗಳಿಗೆ ಹೋದ ಮಾಲಿನ ಲೆಕ್ಕ) ನಿಮ್ಮ ಸ್ವಂತ ಮೇಲ್‌ಗೆ ಹಾಕಿಕೊಳ್ಳಿ. ಜಗಳ ಶುರುವಾದರೆ ಮೊದಲು ಬಂದ್ ಆಗೋದು ಕಂಪನಿ ಆ್ಯಪ್‌ನ ಲಾಗಿನ್.

ಆಮೇಲೆ ಎಚ್‌ಆರ್‌ಗೆ ಲೆಕ್ಕ ಬರೆದು 27 ಸಾವಿರ ಕೇಳಿ. 15 ದಿನ ಕಾಯಿರಿ. ಉತ್ತರ ಬರದಿದ್ದರೆ ನಿಮ್ಮೂರಿನ ಕಾರ್ಮಿಕ ಅಧಿಕಾರಿಗೆ ದೂರು ಕೊಡಿ. ನಿಮ್ಮಂತೆ ಕತ್ತರಿ ಬಿದ್ದ ಇನ್ನೂ ನಾಲ್ಕೈದು ಜನ ಜೊತೆಗೆ ಸಹಿ ಹಾಕಿದರೆ ಒಳ್ಳೆಯದು.

ಸಿಟ್ಟಿನಲ್ಲಿ ರಾಜೀನಾಮೆ ಮಾತ್ರ ಕೊಡಬೇಡಿ. ಹಣ ಕೊಡುವ ದಿನ ಕೆಲಸದಲ್ಲಿದ್ದವರಿಗೆ ಮಾತ್ರ ಇನ್ಸೆಂಟಿವ್ ಎಂಬ ಷರತ್ತು ಬಹಳ ಪಾಲಿಸಿಗಳಲ್ಲಿ ಇರುತ್ತದೆ. ನಿಮ್ಮದರಲ್ಲಿ ಇದೆಯಾ, ಮೊದಲು ನೋಡಿ.