ಅವ್ವನ ಬೆನ್ನಿಗೆ ಸಿಮೆಂಟ್ ಹಾಕಿಸಬೇಕಾ?

ಬಾದಾಮಿ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: "ಬನಶಂಕರಿ ಜಾತ್ರೆಗೆ ಹೋಗುವಾಗ ಟ್ರ್ಯಾಕ್ಟರ್ ಗಾಲಿ ತಗ್ಗಿಗೆ ಇಳಿದು ಅವ್ವ ಕುಂತಲ್ಲೇ ಎಗರಿ ಬಿದ್ದಳು. ಬೆನ್ನೆಲುಬಿನ ಒಂದು ಮಣಿ ಕುಸಿದಿದೆಯಂತೆ. ಮೂರು ವಾರವಾಯಿತು, ಮಗ್ಗಲು ಬದಲಿಸಿದರೂ ಚೀರುತ್ತಾಳೆ. ಡಾಕ್ಟರು ಸೂಜಿಯಲ್ಲಿ ಸಿಮೆಂಟ್ ತುಂಬೋಣ ಅಂತಾರೆ. ವಯಸ್ಸು 71. ಆಪರೇಷನ್ ಅಂದರೆ ಎಲ್ಲರಿಗೂ ಹೆದರಿಕೆ."

ಸಹೋದರಿ, ಇದರಲ್ಲಿ ಬೆನ್ನು ಕೊಯ್ದು ತೆರೆಯುವುದಿಲ್ಲ. ಬೋರಲು ಮಲಗಿಸಿ, ಎಕ್ಸ್‌ರೇ ಪರದೆ ನೋಡುತ್ತ, ದಪ್ಪ ಸೂಜಿಯನ್ನು ಕುಸಿದ ಮಣಿಯೊಳಗೆ ಇಳಿಸುತ್ತಾರೆ. ಪೇಸ್ಟಿನಂತೆ ಕಲಸಿದ ಮೂಳೆ ಸಿಮೆಂಟ್ ತುಂಬುತ್ತಾರೆ. ಅದು ಕೆಲವೇ ನಿಮಿಷದಲ್ಲಿ ಗಟ್ಟಿಯಾಗುತ್ತದೆ. 1984ರಲ್ಲಿ ಫ್ರಾನ್ಸಿನಲ್ಲಿ ಶುರುವಾದ ಈ ಚಿಕಿತ್ಸೆಗೆ ವರ್ಟಿಬ್ರೊಪ್ಲಾಸ್ಟಿ ಅಂತಾರೆ. ಮೊದಲು ಸಣ್ಣ ಬಲೂನು ಉಬ್ಬಿಸಿ ಜಾಗ ಮಾಡಿಕೊಂಡರೆ ಅದು ಕೈಫೋಪ್ಲಾಸ್ಟಿ. ಸಿಮೆಂಟ್ ಹೊರಗೆ ಸೋರುವ ಅಪಾಯವಂತೂ ಇದೆ. ಅಪರೂಪಕ್ಕೆ ನರವನ್ನು ಒತ್ತಬಹುದು, ಶ್ವಾಸಕೋಶಕ್ಕೂ ಹೋಗಬಹುದು. ಕೈ ಪಳಗಿದ ಡಾಕ್ಟರೇ ಬೇಕು.

ಹಾಗಂತ ಎಲ್ಲರಿಗೂ ಇದು ಬೇಕಿಲ್ಲ. ಬಹಳ ಜನರಿಗೆ ನೋವಿನ ಮಾತ್ರೆ, ಬೆಲ್ಟು, ನಿಧಾನದ ಓಡಾಟದಿಂದ 6ರಿಂದ 12 ವಾರದಲ್ಲಿ ತಾನಾಗಿ ತಗ್ಗುತ್ತದೆ. 2009ರ ಎರಡು ಅಧ್ಯಯನಗಳಲ್ಲಿ ಸಿಮೆಂಟ್ ಹಾಕಿಸಿಕೊಂಡವರಿಗೂ, ಸಿಮೆಂಟ್ ತುಂಬದೆ ಬರೀ ಹಾಕಿದಂತೆ ಮಾಡಿ ಕಳಿಸಿದ ರೋಗಿಗಳಿಗೂ ನೋವು ಹೆಚ್ಚುಕಡಿಮೆ ಒಂದೇ ಸಮ ಇಳಿಯಿತು. ಆದರೆ 2016ರ ಆಸ್ಟ್ರೇಲಿಯಾದ ಅಧ್ಯಯನದಲ್ಲಿ, ಮುರಿದು ಆರು ವಾರ ದಾಟದ, ನೋವು ತೀರಾ ಜಾಸ್ತಿ ಇದ್ದವರಿಗೆ ಉಪಯೋಗ ಕಂಡಿತು. ನಿಮ್ಮ ಅವ್ವ ಈ ಗುಂಪಿನವರು, ಅಲ್ವಾ? ಎಂಆರ್‌ಐನಲ್ಲಿ ಗಾಯ ಇನ್ನೂ ಹಸಿಯಾಗಿದ್ದು, ಮಾತ್ರೆ ನುಂಗಿಯೂ ಅವರಿಗೆ ಎದ್ದು ಕೂರಲು ಆಗದಿದ್ದರೆ, ಒಪ್ಪಿಕೊಳ್ಳಿ ಅಂತಲೇ ನಾನು ಹೇಳುವುದು. ಸುಮ್ನೆ ಮಲಗಿಸಿಟ್ಟರೆ ಮೂಳೆ ಇನ್ನೂ ಸವೆಯುತ್ತದೆ. ಕ್ಷಯ, ಕ್ಯಾನ್ಸರ್‌ನಿಂದ ಕುಸಿದದ್ದಲ್ಲ ಅಂತಲೂ ಖಾತ್ರಿ ಮಾಡಿಕೊಳ್ಳಿ. ಕಾಲಿನ ಶಕ್ತಿ ಹೋದರೆ, ಮೂತ್ರದ ಹಿಡಿತ ತಪ್ಪಿದರೆ ಬೆಳಗಾಗುವ ತನಕ ಕಾಯಬೇಡಿ. ಅದಕ್ಕೆ ಬೇರೆಯೇ ಚಿಕಿತ್ಸೆ ಬೇಕು.

ನನ್ನ ದೊಡ್ಡವ್ವ ಅಡುಗೆಮನೆಯ ಗೂಡಿನಲ್ಲಿ ಚಹಾಪುಡಿ ಡಬ್ಬಿ ಇಡುತ್ತಿದ್ದಳು. ಒಂದು ದಿನ, "ಕೈ ನಿಲುಕವಲ್ದು, ನೀ ತೆಗಿ" ಅಂದಳು. ಗೂಡು ಎತ್ತರವಾಗಿರಲಿಲ್ಲ, ಅವಳೇ ಕುಗ್ಗಿದ್ದಳು. ವಯಸ್ಸಾಯಿತು ಅಂತ ನಾವೆಲ್ಲ ಬಿಟ್ಟೆವು. ಮಣಿಗಳು ಒಂದೊಂದೇ ಕುಸಿಯುತ್ತಿದ್ದವು ಅಂತ ಬಹಳ ತಡವಾಗಿ ತಿಳಿಯಿತು. ಇವತ್ತಿಗೂ ಅದು ನನಗೆ ಚುಚ್ಚುತ್ತದೆ.

ಸಿಮೆಂಟ್ ಗಟ್ಟಿ ಮಾಡುವುದು ಒಂದೇ ಮಣಿಯನ್ನು. ಉಳಿದ ಮೂಳೆಗಳು ಮೊದಲಿನಷ್ಟೇ ಟೊಳ್ಳು. ಒಂದು ಸಲ ಕುಸಿದವರಿಗೆ ಮತ್ತೊಂದು ಕುಸಿಯುವ ಸಂಭವ ಜಾಸ್ತಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹಾಲು, ಮೊಸರು ಕೊಡಿ, ಆದರೆ ಅಷ್ಟೇ ಸಾಲದು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆ ಮಾಡಿಸಿ, ಮೂಳೆ ಗಟ್ಟಿಯಾಗುವ ಔಷಧಿ ಬರೆಸಿಕೊಂಡೇ ಆಸ್ಪತ್ರೆಯಿಂದ ಹೊರಡಿ.